ಎಲ್ಲೆಗಲ್ಲಿನ ಆಚೆ ಈಚೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ನಮ್ಮ ಅಜ್ಜನ ಹೊಲ ಮೂಡಲಗಿಯ ಮೂಡಣಕ್ಕೆ ಇತ್ತು. ಹೊಲದ ಬದುವಿಗೆ ಹತ್ತಿದಂತೆ ಸುಣ್ಣ ಬಳಿದ ಒಂದು ಕಲ್ಲು. ನಾನು ಹುಡುಗನಾಗಿದ್ದಾಗ ಅದರ ಸುಣ್ಣವೆಲ್ಲ ಉದುರಿ ಹೋಗಿತ್ತು. ಎತ್ತುಗಳು ಮೈ ತಿಕ್ಕಿಕೊಳ್ಳಲಿಕ್ಕೆ ಮಾತ್ರ ಅದರಿಂದ ಉಪಯೋಗವಾಗುತ್ತಿತ್ತು. ಆದರೆ ಅಜ್ಜ ಅದರ ಹತ್ತಿರ ಹೋದಾಗಲೆಲ್ಲ ಸ್ವಲ್ಪ ತಡೆದು ನಿಲ್ಲುತ್ತಿದ್ದ. "ಈಚೆ ಖಾಲಸಾ, ಆಚೆ ಸಂಸ್ಥಾನ" ಎನ್ನುತ್ತಿದ್ದ. ಸಂಸ್ಥಾನಗಳು ಅಳಿದು ಇಪ್ಪತ್ತು ವರ್ಷಗಳಾಗುತ್ತ ಬಂದಿದ್ದರೂ ಅವನ ಕಾಲಿಗೆ ಮಾತ್ರ ಆ ಗೆರೆ ಇನ್ನೂ ತಾಕುತ್ತಿತ್ತು.

ಅದಕ್ಕೆ ಕಾರಣವೂ ಇತ್ತು. ಒಂದು ವರ್ಷ ಮಳೆಗಾಲದ ರಾತ್ರಿ ಅವನ ಜೋಡೆತ್ತು ಹಗ್ಗ ಹರಿದುಕೊಂಡು ಕಲ್ಲು ದಾಟಿ ಹೋದವು. ಆಚೆಯ ಕೊಂಡವಾಡದವರು ಅವನ್ನು ಕಟ್ಟಿಹಾಕಿದರು. ಯಾವ ಊರಿನ ಕೊಂಡವಾಡ ಎಂಬುದು ಈಗ ಬೇಡ. ದಂಡ ಕಟ್ಟಿ ಎತ್ತು ಬಿಡಿಸಿಕೊಳ್ಳಲು ಹೋದರೆ, "ನೀನು ಪರರಾಜ್ಯದ ರೈತ; ಎತ್ತು ನಿನ್ನವೇ ಎಂಬುದಕ್ಕೆ ನಿಮ್ಮ ಮಾಮಲೇದಾರರ ಕಾಗದ ತಾ" ಎಂದರು. ಗೋಕಾಕಕ್ಕೆ ಹೋಗಿ, ಕಾಗದ ಮಾಡಿಸಿಕೊಂಡು, ಮರಳಿ ಬರುವಷ್ಟರಲ್ಲಿ ಬಿತ್ತುವ ಹದ ತಪ್ಪಿತು. ಆ ವರ್ಷ ನಮ್ಮ ಮನೆಯಲ್ಲಿ ಜೋಳದ ಹಗೆ ತುಂಬಲಿಲ್ಲ. ಆಚೆಯ ಊರಿನಲ್ಲಿಯೇ ಅಜ್ಜನ ತಂಗಿಯನ್ನು ಕೊಟ್ಟಿದ್ದರು. ಎರಡು ಹರದಾರಿ ದೂರದ ತಂಗಿಯ ಮನೆ "ಪರರಾಜ್ಯ"ದಲ್ಲಿತ್ತು ಎಂಬುದು ಅಂದು ಅವನಿಗೆ ಮೊದಲ ಸಲ ತಿಳಿಯಿತಂತೆ.

ನಾನು ಇತಿಹಾಸದ ಅಧ್ಯಾಪಕನಲ್ಲ. ಕನ್ನಡ ಕಲಿಸಿ ನಿವೃತ್ತನಾದವನು. ಆದರೂ ಈ ಕಲ್ಲನ್ನು ಇಲ್ಲಿ ನೆಟ್ಟವರು ಯಾರು, ಏಕೆ ನೆಟ್ಟರು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅದರ ಬೆನ್ನು ಹತ್ತಿ ಹೋದಾಗ ಕಂಡುದನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ನೂರು ನೂರಿಪ್ಪತ್ತು ವರ್ಷಗಳ ಹಿಂದಿನ ನಕಾಶೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿರಿ. ಗೋಕಾಕ ಬ್ರಿಟಿಷ್ ಮುಲುಕು, ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯ ತಾಲೂಕು. ಈಚೆಗೆ ತಾಲೂಕಾಗಿರುವ ಮೂಡಲಗಿ ಆಗ ಅದರೊಳಗಿನ ಒಂದು ಊರು. ಆದಿಲಶಾಹಿ ಕಾಲದ ಗುಮ್ಮಟಗಳ ಹುಕ್ಕೇರಿ ಚಿಕ್ಕೋಡಿ ತಾಲೂಕಿಗೆ ಸೇರಿತ್ತು. ಇಲ್ಲಿಂದ ಪೂರ್ವಕ್ಕೆ ಹೊರಟರೆ ಮಹಾಲಿಂಗಪುರ. ಅದು ಮುಧೋಳದ ಘೋರ್ಪಡೆಯವರದು. ಅದರ ನೆರೆಯ ಬನಹಟ್ಟಿ ಜಮಖಂಡಿಯ ಪಟವರ್ಧನರದು. ಬನಹಟ್ಟಿಗೆ ಅಂಟಿಕೊಂಡಂತಿರುವ ರಬಕವಿ ಮತ್ತು ಅದರಾಚೆಯ ತೇರದಾಳ ಸಾಂಗಲಿಯ ಪಟವರ್ಧನರವು. ಒಂದೇ ಸೀರೆಯ ನೂಲು ಒಂದು ರಾಜ್ಯದಲ್ಲಿ ಬಣ್ಣ ಕಂಡು, ಇನ್ನೊಂದರಲ್ಲಿ ಮಗ್ಗ ಏರಿ, ಮೂರನೆಯದರ ಸಂತೆಯಲ್ಲಿ ಮಾರಾಟವಾಗಬಹುದಾಗಿತ್ತು. ಉತ್ತರಕ್ಕೆ ರಾಯಬಾಗ, ಅದು ಕೊಲ್ಲಾಪುರದ್ದು. ಆಗ್ನೇಯಕ್ಕೆ ರಾಮದುರ್ಗ, ಅದು ಬೇರೆ ಸಂಸ್ಥಾನ. ಅದರ ಮಗ್ಗುಲಿಗೆ ಕಟಕೋಳ, ತೊರಗಲ್ಲು, ಅವು ಮತ್ತೆ ಕೊಲ್ಲಾಪುರಕ್ಕೆ ಸೇರಿದವು. ಹುಕ್ಕೇರಿಯ ಪಶ್ಚಿಮಕ್ಕೆ ಸಂಕೇಶ್ವರ ದಾಟಿದರೆ ಗಡಹಿಂಗ್ಲಜ, ಅದೂ ಕೊಲ್ಲಾಪುರವೇ. ಬೆಳಗಾವಿ ನಗರದ ಸೆರಗಿನಲ್ಲಿಯೇ ಶಹಾಪುರ ಸಾಂಗಲಿಯವರದಾಗಿತ್ತು, ವಡಗಾವಿ ಕುರುಂದವಾಡದವರದಾಗಿತ್ತು. ಕೊಲ್ಲಾಪುರದ ವಿಸ್ತೀರ್ಣ ಮೂರು ಸಾವಿರ ಚದರ ಮೈಲಿಗೂ ಮಿಕ್ಕದ್ದು. ಮುಧೋಳದ್ದು 370ರ ಸುಮಾರು. ರಾಮದುರ್ಗದ್ದು 170ರ ಹತ್ತಿರ. ತೇಪೆ ಹಾಕಿದ ಕೌದಿಯಂತೆ ಇದ್ದ ನಾಡು ಇದು. ಕೌದಿಯ ತೇಪೆಗಳಿಗಾದರೂ ಹೊಲಿದವಳ ಒಂದು ಲೆಕ್ಕವಿರುತ್ತದೆ. ಈ ತೇಪೆಗಳ ಲೆಕ್ಕವೇನು?

ಚಿಕ್ಕೋಡಿ ಮತ್ತು ಮನೋಳಿ ಎಂಬ ಎರಡು ಪರಗಣೆಗಳ ಕಥೆಯನ್ನು ಕೇಳಿದರೆ ಆ ಲೆಕ್ಕ ತಿಳಿಯುತ್ತದೆ. ಮನೋಳಿ ಎಂದರೆ ಇಂದಿನ ಮುನವಳ್ಳಿ. ಹದಿನೆಂಟನೆಯ ಶತಮಾನದ ಕೊನೆಗೆ ಇವುಗಳ ಮೇಲೆ ಕೊಲ್ಲಾಪುರದ ಛತ್ರಪತಿಗೂ ಪುಣೆಯ ಪೇಶವೆಗೂ ಪೇಶವೆಯ ಸರದಾರರಾದ ಪಟವರ್ಧನರಿಗೂ ಎಡೆಬಿಡದ ಕಾಳಗ ನಡೆಯಿತು. 1799ರಲ್ಲಿ ಪಟ್ಟಣಕುಡಿಯ ಕದನದಲ್ಲಿ ಪರಶುರಾಮಭಾವು ಪಟವರ್ಧನನೇ ಕೊಲ್ಲಾಪುರದವರ ಕೈಯಲ್ಲಿ ಮಡಿದನು. ಅನಂತರ ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರನು ಪೇಶವೆಯ ಬಲದಿಂದ ಈ ಪರಗಣೆಗಳನ್ನು ಕಸಿದುಕೊಂಡನು. 1812ರಲ್ಲಿ ಪುಣೆಯ ರೆಸಿಡೆಂಟನಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ನಡುವೆ ಬಂದು ಕರಾರು ಮಾಡಿಸಿದನು. ಕೊಲ್ಲಾಪುರದ ದೊರೆ ಈ ಎರಡು ಪರಗಣೆಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟನು. ಮಾಲವಣದ ಕೋಟೆಯನ್ನು ಕಂಪನಿಗೆ ಒಪ್ಪಿಸಿದನು. ಕಂಪನಿಯ ಒಪ್ಪಿಗೆಯಿಲ್ಲದೆ ಯಾರ ಮೇಲೂ ದಂಡೆತ್ತಿ ಹೋಗುವುದಿಲ್ಲವೆಂದು ಮಾತು ಕೊಟ್ಟನು.

ಐದು ವರ್ಷ ಕಳೆಯಿತು. 1817ರಲ್ಲಿ ಪೇಶವೆಗೂ ಕಂಪನಿಗೂ ಯುದ್ಧ ಹತ್ತಿತು. ಕೊಲ್ಲಾಪುರ ಮನಃಪೂರ್ವಕವಾಗಿ ಕಂಪನಿಯ ಪಕ್ಷ ಹಿಡಿಯಿತು. ಬಾದಾಮಿಯಿಂದ ಬೆಳಗಾವಿಯವರೆಗೆ ಥಾಮಸ್ ಮನ್ರೋನ ದಂಡು ಒಂದೊಂದೇ ಕೋಟೆಯನ್ನು ಹಿಡಿದುಕೊಂಡು ಬಂದು, 1818ರ ಏಪ್ರಿಲದಲ್ಲಿ ಬೆಳಗಾವಿಯ ಕೋಟೆಯೂ ಶರಣಾಯಿತು. ಪೇಶವಾಯಿ ಮುಗಿಯಿತು. ಸಹಾಯಕ್ಕೆ ಬಹುಮಾನ ಬೇಕಲ್ಲವೆ? ಚಿಕ್ಕೋಡಿ ಮನೋಳಿಗಳನ್ನು ನಿಪ್ಪಾಣಿಯವನಿಂದ ತೆಗೆದು ಕೊಲ್ಲಾಪುರಕ್ಕೆ ಕೊಟ್ಟರು. ಮತ್ತೆ ಹತ್ತು ವರ್ಷ ತುಂಬಲಿಲ್ಲ. ಹೊಸ ದೊರೆ ಶಹಾಜಿ, ಜನರು ಬಾವಾಸಾಹೇಬನೆಂದು ಕರೆಯುತ್ತಿದ್ದವನು, ನೆರೆಹೊರೆಯ ಜಹಗೀರದಾರರ ಮೇಲೆ ಏರಿಹೋಗತೊಡಗಿದನು. 1826ರ ಕರಾರಿನಲ್ಲಿ ಅವನಿಗೆ ಎಚ್ಚರಿಕೆ ಕೊಟ್ಟರು. ಸೈನ್ಯ ಕಡಿಮೆ ಮಾಡು, ಶಾಂತಿ ಕೆಡಿಸುವವರಿಗೆ ಆಶ್ರಯ ಕೊಡಬೇಡ ಎಂದರು. ಅವನು ಕೇಳಲಿಲ್ಲ. 1827ರಲ್ಲಿ ಕಂಪನಿಯ ದಂಡು ಬಂದಿತು. ಅವನ ಸೈನ್ಯ 400 ಕುದುರೆ, 800 ಕಾಲಾಳಿಗೆ ಇಳಿಯಿತು. ಕೊಲ್ಲಾಪುರ ಮತ್ತು ಪನ್ಹಾಳಗಡದಲ್ಲಿ ಕಂಪನಿಯ ಪಹರೆ ಕುಳಿತಿತು. ದರೋಡೆಕೋರರ ನೆಲೆಯೆಂದು ಹೆಸರಾಗಿದ್ದ ಅಕ್ಕಿವಾಟದೊಂದಿಗೆ ಚಿಕ್ಕೋಡಿ ಮನೋಳಿಗಳು ಈ ಸಲ ಕಂಪನಿಗೇ ಸೇರಿದವು. 1829ರ ಕರಾರು ಇದನ್ನು ಗಟ್ಟಿ ಮಾಡಿತು.

ನೋಡಿರಿ, ಇಪ್ಪತ್ತು ವರ್ಷಗಳೊಳಗೆ ಒಂದೇ ನೆಲ ನಿಪ್ಪಾಣಿಗೆ, ಅಲ್ಲಿಂದ ಕೊಲ್ಲಾಪುರಕ್ಕೆ, ಅಲ್ಲಿಂದ ಕಂಪನಿಗೆ ಹೋಯಿತು. ಒಮ್ಮೆ ಗೆದ್ದ ಸೊತ್ತಾಗಿ, ಒಮ್ಮೆ ಬಹುಮಾನವಾಗಿ, ಒಮ್ಮೆ ದಂಡವಾಗಿ ಹೋಯಿತು. ಅಲ್ಲಿಯ ರೈತರು ಆಡುವ ಮಾತು ಯಾವುದು, ಅವರ ಸಂತೆ ಎಲ್ಲಿ, ಅವರು ಹೆಣ್ಣು ಕೊಟ್ಟು ತರುವುದು ಎಲ್ಲಿಂದ ಎಂಬುದನ್ನು ಈ ಮೂರು ಸಲವೂ ಯಾರೂ ಕೇಳಲಿಲ್ಲ. ನಮ್ಮ ತೇಪೆಗಳ ಲೆಕ್ಕ ಇಷ್ಟೇ: ಮೆಚ್ಚಿದರೆ ಕೊಟ್ಟರು, ಮುನಿದರೆ ಕಿತ್ತುಕೊಂಡರು.

ಉಳಿದ ಜಹಗೀರದಾರರೊಡನೆ ಕಂಪನಿ ಬೇರೆ ಜಾಣತನ ತೋರಿತು. 1819ರಲ್ಲಿ ಪಟವರ್ಧನರ ಮನೆತನಗಳಿಗೂ ಮುಧೋಳದ ಘೋರ್ಪಡೆಗೂ ಷರತ್ತುಗಳನ್ನು ಬರೆದು ಕೊಟ್ಟಿತು. 1821ರಲ್ಲಿ ನರಗುಂದ, ರಾಮದುರ್ಗಗಳಿಗೂ ಕೊಟ್ಟಿತು. ಅವುಗಳ ತಿರುಳು ಬಹುಮಟ್ಟಿಗೆ ಒಂದೇ. ಅಪ್ಪಣೆಯಿಲ್ಲದೆ ಹೊಸ ಸೈನ್ಯ ಕೂಡಿಸಬಾರದು. ಸಂಬಂಧಿಕರ ಜಗಳವನ್ನು ಕತ್ತಿಯಿಂದ ತೀರಿಸಿಕೊಳ್ಳದೆ ಸರಕಾರಕ್ಕೆ ತಿಳಿಸಬೇಕು. ಕಂಪನಿಯ ಮುಲುಕಿನ ಅಪರಾಧಿ ನಿಮ್ಮಲ್ಲಿ ಅವಿತರೆ ಹಿಡಿದುಕೊಡಬೇಕು. ಇಷ್ಟು ನಡೆದರೆ ನಿಮ್ಮ ಊರು, ನಿಮ್ಮ ಉತ್ಪನ್ನ, ನಿಮ್ಮ ಮಾನ ನಿಮಗೆ. ಸಾಂಗಲಿಯ ಚಿಂತಾಮಣರಾವ್ ಪಟವರ್ಧನನು ಮಾತ್ರ ಕಂಪನಿಯ ಚಾಕರಿಗೆ ಕುದುರೆ ಕಳಿಸುವುದು ತನಗೆ ಮರ್ಯಾದೆಯಲ್ಲವೆಂದು ಹಟ ಹಿಡಿದು, ಅದಕ್ಕೆ ಬದಲಾಗಿ 1820ರಲ್ಲಿ ಹುಬ್ಬಳ್ಳಿಯೊಂದಿಗೆ 1,35,000 ರೂಪಾಯಿ ಹುಟ್ಟುವಳಿಯ ನೆಲವನ್ನೇ ಬಿಟ್ಟುಕೊಟ್ಟನು. ಒಬ್ಬ ಸರದಾರನ ಮಾನ ಉಳಿಯಿತು. ಹುಬ್ಬಳ್ಳಿಯ ಒಡೆತನ ಬದಲಾಯಿತು.

ಇನ್ನು ವಾರಸುದಾರರಿಲ್ಲದ ಮನೆಗಳು. 1836ರಲ್ಲಿ ಗೋವಿಂದರಾವ್ ಪಟವರ್ಧನನು ತೀರಿಕೊಂಡಾಗ ಗೋಕಾಕ ಕಂಪನಿಗೆ ಸೇರಿತು. ಧಾರವಾಡ ಜಿಲ್ಲೆಯಿಂದ ಬೆಳಗಾವಿಯನ್ನು ಬೇರೆ ಮಾಡಿದ ವರ್ಷವೂ ಅದೇ. 1839ರಲ್ಲಿ ನಿಪ್ಪಾಣಿಯ ದೇಸಾಯಿ ಮಗನಿಲ್ಲದೆ ಸತ್ತನು. ಅವನ ಸಂಸ್ಥಾನವೂ ಹೋಯಿತು. 1841ರಲ್ಲಿ ಅಲ್ಲಿಯ ಅರಬ ಸಿಪಾಯಿಗಳು ಕೋಟೆಯನ್ನು ಹಿಡಿದು ಕುಳಿತು ಕಂಪನಿಯೊಡನೆ ಕಾದಾಡಿ ಶರಣಾದರು.

ಅರಬರ ಹೆಸರು ಬಂದುದರಿಂದ ಒಂದು ಮಾತು ಹೇಳಬೇಕು. ನಮ್ಮ ಗಡಿಯ ಕಥೆಗೂ ದೂರದ ಅರಬಸ್ತಾನದ ಕರಾವಳಿಯ ಕಥೆಗೂ ನಂಟಿದೆ. 1819ರ ಫೆಬ್ರುವರಿಯಲ್ಲಿ ಸರ್ ವಿಲಿಯಂ ಗ್ರಾಂಟ್ ಕೀರ್ ಎಂಬ ಸೇನಾನಿ ನಮ್ಮ ನೆರೆಯ ಸಾವಂತವಾಡಿಯ ಮೇಲೆ ಹೋಗಿ ಕೋಟೆಗಳನ್ನು ಹಿಡಿದು ಕರಾರಿಗೆ ದಾರಿ ಮಾಡಿದನು. ಅದೇ ವರ್ಷದ ಡಿಸೆಂಬರದಲ್ಲಿ ಅದೇ ಕೀರ್ ಮುಂಬಯಿಯಿಂದ ಹಡಗು ಏರಿಹೋಗಿ ಪರ್ಶಿಯನ್ ಕೊಲ್ಲಿಯ ರಾಸಲ್ ಖೈಮಾವನ್ನು ಮುತ್ತಿದನು. 1820ರ ಜನವರಿಯಿಂದ ಅಲ್ಲಿಯ ಶೇಖರು ಒಬ್ಬೊಬ್ಬರಾಗಿ ಕರಾರಿಗೆ ರುಜು ಹಾಕಿದರು. ಆಗ ಮುಂಬಯಿಯ ಗವರ್ನರನಾಗಿದ್ದವನು ಎಲ್ಫಿನ್‌ಸ್ಟನ್, ನಮ್ಮ ಚಿಕ್ಕೋಡಿ ಮನೋಳಿಗಳನ್ನು ತೂಗಿ ನೋಡಿದವನೇ. 1873ರವರೆಗೆ ಕೊಲ್ಲಿಯ ರೆಸಿಡೆಂಟನು ಮುಂಬಯಿ ಸರಕಾರಕ್ಕೇ ವರದಿ ಕಳಿಸುತ್ತಿದ್ದನು. ಒಂದೇ ಕಚೇರಿಯಲ್ಲಿ ಕೊಲ್ಲಾಪುರದ ದಫ್ತರದ ಮಗ್ಗುಲಿಗೆ ಅಬುಧಾಬಿಯ ದಫ್ತರ!

ಷರತ್ತುಗಳಲ್ಲಿಯೂ ಹೋಲಿಕೆಯಿದೆ. ಶೇಖರು ಸಮುದ್ರದ ಮೇಲೆ ಒಬ್ಬರೊಡನೊಬ್ಬರು ಕಾದಾಡಕೂಡದೆಂದು 1853ರ ಕರಾರು ಹೇಳಿತು. ಬ್ರಿಟಿಷರ ಹೊರತು ಬೇರೆ ಯಾವ ಸರಕಾರದೊಡನೆಯೂ ಪತ್ರವ್ಯವಹಾರ ಕೂಡದೆಂದು 1892ರ ಕರಾರು ಹೇಳಿತು. ನೆರೆಯವರ ನಡುವಿನ ಮಾತು ಮೂರನೆಯವನ ಬಾಯಿಂದಲೇ ಹಾಯಬೇಕು ಎಂಬುದು ಎರಡೂ ಕಡೆಯ ರಾಜನೀತಿಯ ಬೀಜಮಂತ್ರ. ಆದರೆ ಒಂದು ಭೇದವುಂಟು. ಮರಳುಗಾಡಿನ ಗಡಿಯನ್ನು ಎಳೆಯುವ ಅವಸರ ಅವರಿಗೆ ಬಹುಕಾಲ ಬೀಳಲಿಲ್ಲ. ಎಣ್ಣೆ ಸಿಕ್ಕುವ ಸೂಚನೆ ಬಂದ ಮೇಲೆ, 1950ರ ದಶಕದಲ್ಲಿ, ಜೂಲಿಯನ್ ವಾಕರ್ ಎಂಬ ತರುಣ ಅಧಿಕಾರಿ ಬುಡಕಟ್ಟಿನ ಹಿರಿಯರನ್ನು ಕೇಳಿ ಕೇಳಿ ಅಲ್ಲಿಯ ಗಡಿಗಳನ್ನು ಗುರುತಿಸಿದನು. ಕುವೈತ ಮತ್ತು ನಜ್ದ್‌ಗಳ ನಡುವೆ 1922ರಲ್ಲಿ ಸರ್ ಪರ್ಸಿ ಕಾಕ್ಸ್ ಗೆರೆ ಎಳೆದಾಗ, ಅಲೆಮಾರಿ ಕುರುಬರಿಗಾಗಿ ಯಾರಿಗೂ ಪೂರ್ತಿ ಸೇರದ ಒಂದು ನಡುಸೀಮೆಯನ್ನು ಬಿಟ್ಟನು. ನಮ್ಮಲ್ಲಿ ಅಂಥ ನಡುಸೀಮೆ ಇರಲಿಲ್ಲ. ಇಲ್ಲಿ ಉತ್ತು ಬಿತ್ತುವ ಎರೆಭೂಮಿ. ಒಂದು ಮೊಳದ ಬದುವಿಗೂ ವಾರಸುದಾರನಿದ್ದ.

ಹಾಗಾದರೆ ಆ ಬದುವನ್ನು ನಿರ್ಣಯಿಸುತ್ತಿದ್ದವರು ಯಾರು? ಹಳೆಯ ಪದ್ಧತಿಯಲ್ಲಿ ಎರಡು ಊರುಗಳ ಸೀಮೆಯ ತಂಟೆ ಬಂದರೆ ಗೌಡ, ಶಾನಭೋಗರಿಗಿಂತ ಕುಳವಾಡಿಯ ಮಾತಿಗೆ ಬೆಲೆ ಹೆಚ್ಚು. ಅವನು ತಲೆಯ ಮೇಲೆ ಮಣ್ಣಿನ ಹೆಂಟೆಯನ್ನೋ ಹಸಿ ತೊಗಲನ್ನೋ ಹೊತ್ತು, ದೇವರ ಮೇಲೆ ಆಣೆ ಮಾಡಿ ನಡೆಯಬೇಕು; ಅವನು ನಡೆದದ್ದೇ ಎಲ್ಲೆ. ಊರೊಳಗೆ ಹತ್ತಿರ ಬಿಟ್ಟುಕೊಳ್ಳದವನನ್ನು ಊರ ಅಂಚನ್ನು ಹೇಳಲು ಮಾತ್ರ ಕರೆಯುತ್ತಿದ್ದರು ಎಂಬ ಸಂಗತಿ ನಮ್ಮ ಸಮಾಜದ ಬಗ್ಗೆಯೂ ಬಹಳ ಹೇಳುತ್ತದೆ. ದ್ಯಾಮವ್ವನ ಜಾತ್ರೆಯ ಕೊನೆಗೆ ಸೀಮೆಯುದ್ದಕ್ಕೂ ಚರಗ ಚೆಲ್ಲಿ ಬರುವ ವಾಡಿಕೆಯೂ ಆ ನೆನಪನ್ನೇ ಹಸಿಯಾಗಿ ಇಡುತ್ತಿತ್ತು. ಕಂಪನಿಯ ಕಾಲದಲ್ಲಿ ಸರಪಳಿ ಹಿಡಿದ ಮೋಜಣಿದಾರರು ಬಂದರು. ಕುಳವಾಡಿಯ ಆಣೆಯ ಸ್ಥಾನದಲ್ಲಿ ನಕಾಶೆಯ ಗೆರೆ ಬಂದಿತು. ತಂಟೆಗಳು ಕಡಿಮೆಯಾದವು, ನಿಜ. ಆದರೆ ಊರಿನ ಸೀಮೆ ರಾಜ್ಯದ ಸೀಮೆಯಾದಲ್ಲೆಲ್ಲ ಒಂದು ಬದುವಿಗೆ ಎರಡು ಕಾಯದೆಗಳು ಹುಟ್ಟಿದವು.

ನೆಲ ಒಬ್ಬನದಾದರೂ ಅದರ ಹುಟ್ಟುವಳಿಯಲ್ಲಿ ಹಲವರ ಪಾಲಿರುವುದು ಮರಾಠರ ಕಾಲದ ರೂಢಿ. ಚೌಥಾಯಿ, ಸರದೇಶಮುಖಿ, ಬಾಬತಿ, ಮೊಕಾಸೆ ಎಂದು ನಾನಾ ಹೆಸರಿನ ಅಮಲುಗಳು. ಒಬ್ಬ ಸಂಸ್ಥಾನಿಕನ ಹಳ್ಳಿಯಲ್ಲಿ ಇನ್ನೊಬ್ಬನಿಗೆ ಇಂತಿಷ್ಟು ರೂಪಾಯಿ, ಮೂರನೆಯವನಿಗೆ ಇಂತಿಷ್ಟು ಆಣೆ. ಇವನ್ನು ವಸೂಲು ಮಾಡಲು ಮೊದಲು ಒಬ್ಬರ ಕುದುರೆ ಸವಾರರು ಇನ್ನೊಬ್ಬರ ಊರಿಗೆ ಬರುತ್ತಿದ್ದರು. ಬಂದವರು ಪಾಲಿನಷ್ಟೇ ಒಯ್ಯುತ್ತಿದ್ದರೆ? ಈ ದಾಳಿಯನ್ನು ನಿಲ್ಲಿಸಿ, ಲೆಕ್ಕವನ್ನು ತನ್ನ ಏಜಂಟನ ಮೂಲಕ ತೀರಿಸುವಂತೆ ಮಾಡಿದುದು ಕಂಪನಿಯ ಒಳ್ಳೆಯ ಕೆಲಸವೆಂದೇ ಒಪ್ಪಬೇಕು. ನಮ್ಮ ಹಳ್ಳಿಗಳಿಗೆ ಅದರಿಂದ ನೆಮ್ಮದಿ ಬಂದಿತು.

ಆದರೆ ನೆಮ್ಮದಿಗೂ ಬೆಲೆಯುಂಟು. ಸಂಸ್ಥಾನಕ್ಕೂ ಸಂಸ್ಥಾನಕ್ಕೂ, ಸಂಸ್ಥಾನಕ್ಕೂ ಖಾಲಸಾಕ್ಕೂ ನಡುವಿನ ದೊಡ್ಡ ವ್ಯವಹಾರವೆಲ್ಲ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ದೇಶದ ಪೊಲಿಟಿಕಲ್ ಏಜಂಟನ ಕಚೇರಿಯನ್ನು ಹಾಯಬೇಕಾಗಿತ್ತು. ಗೋಕಾಕದ ಕಳ್ಳ ಎಲ್ಲೆಗಲ್ಲು ದಾಟಿ ಮಹಾಲಿಂಗಪುರ ಸೇರಿದರೆ ಇಲ್ಲಿಯ ಪೋಲೀಸನು ಕಲ್ಲಿನ ಹತ್ತಿರ ನಿಲ್ಲಬೇಕು. ಅವನ ಕಾಗದ ಮಾಮಲೇದಾರನಿಂದ ಕಲೆಕ್ಟರನಿಗೆ, ಕಲೆಕ್ಟರನಿಂದ ಏಜಂಟನಿಗೆ, ಏಜಂಟನಿಂದ ಸಂಸ್ಥಾನದ ಕಾರಭಾರಿಗೆ ಹೋಗಬೇಕು. ಕಳ್ಳ ನಡೆದದ್ದು ಹರದಾರಿ. ಕಾಗದ ನಡೆಯುವುದು ನೂರು ಮೈಲು. ಜತ್ತ ಸಂಸ್ಥಾನದ ಸಿಂಧೂರಿನ ಲಕ್ಷ್ಮಣನು 1922ರಲ್ಲಿ ಕೊಲೆಯಾಗುವವರೆಗೂ ಸರಕಾರದ ಕಣ್ಣು ತಪ್ಪಿಸಿದ ಕಥೆಯನ್ನು ನಮ್ಮ ಸಣ್ಣಾಟದವರು ಇಂದಿಗೂ ಆಡುತ್ತಾರೆ. ಅವನ ಶೌರ್ಯದೊಡನೆ ಈ ತೇಪೆ ತೇಪೆಯ ನಕಾಶೆಯೂ ಅವನಿಗೆ ನೆರವಾಗಿರಬೇಕೆಂದು ನನಗೆ ಅನಿಸುತ್ತದೆ.

ಸಾಮ್ರಾಜ್ಯಕ್ಕೆ ಬೇಕಾದಾಗ ಮಾತ್ರ ಈ ಎಲ್ಲೆಗಳು ಅಡ್ಡ ಬರುತ್ತಿರಲಿಲ್ಲ. ಹಲಗಲಿ ಮುಧೋಳ ಸಂಸ್ಥಾನದ ಊರು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಹುಕುಮು ಹೊರಟಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ಆ ನವೆಂಬರದಲ್ಲಿ ಬ್ರಿಟಿಷ್ ದಂಡು ಸಂಸ್ಥಾನದ ಎಲ್ಲೆಯೊಳಗೆ ನುಗ್ಗಿ ಊರನ್ನು ಸುಟ್ಟಿತು. ಮರುವರ್ಷ ಮೇ ತಿಂಗಳಲ್ಲಿ ಏಜಂಟ್ ಮ್ಯಾನ್ಸನ್ನನನ್ನು ನರಗುಂದದ ಬಾಬಾಸಾಹೇಬನ ಜನರು ಸುರೇಬಾನದಲ್ಲಿ ಕೊಂದರು. ದತ್ತಕ ತೆಗೆದುಕೊಳ್ಳಲು ಅಪ್ಪಣೆ ಸಿಗದ ಸಂಕಟ ಬಾಬಾಸಾಹೇಬನದು. ನೆರೆಯ ರಾಮದುರ್ಗದ ಒಡೆಯ ಅವನ ಸೋದರನೇ ಆಗಿದ್ದರೂ ಸರಕಾರದ ಪಕ್ಷದಲ್ಲಿ ಉಳಿದನು. ನರಗುಂದ ಅಳಿಯಿತು, ರಾಮದುರ್ಗ ಉಳಿಯಿತು. ಅಣ್ಣತಮ್ಮಂದಿರ ನಡುವೆಯೂ ಆ ಸುಣ್ಣದ ಕಲ್ಲು ನಿಂತಿತ್ತು.

ಇಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಭಾಷೆಯ ಮಾತು. ಈ ಸಂಸ್ಥಾನಗಳ ದರಬಾರಿನ ಭಾಷೆ ಮರಾಠಿ, ದಫ್ತರದ ಲಿಪಿ ಮೋಡಿ. ಮೇಲಿನವರ ಭಾಷೆ ಇಂಗ್ಲಿಷು. ಮುಧೋಳ, ಜಮಖಂಡಿ, ರಾಮದುರ್ಗಗಳ ರೈತ ತನ್ನ ಹೊಲದ ಎಲ್ಲೆಯ ಬಗ್ಗೆ ನಡೆದ ಪತ್ರವ್ಯವಹಾರದ ಒಂದು ಅಕ್ಷರವನ್ನೂ ಓದಲಾರದವನು. ಅರಮನೆಯ ಮೇಲೆ ನನಗೆ ಸಿಟ್ಟಿಲ್ಲ. ಮರಾಠಿಯ ಮೇಲಂತೂ ಇಲ್ಲವೇ ಇಲ್ಲ. ಗಡಹಿಂಗ್ಲಜದ ಸಂತೆಯಲ್ಲಿಯೂ ಸಂಕೇಶ್ವರದ ಸಂತೆಯಲ್ಲಿಯೂ ಎರಡೂ ಮಾತುಗಳು ಒಂದೇ ನಾಲಗೆಯ ಮೇಲೆ ಒಡಹುಟ್ಟಿದವರಂತೆ ಆಡಿಕೊಂಡಿವೆ. ಆದರೆ ಯಾರ ನೆಲದ ತೀರ್ಮಾನವಾಗುತ್ತಿದೆಯೋ ಅವನಿಗೆ ತಿಳಿಯದ ಭಾಷೆಯಲ್ಲಿ ಅದು ಆಗುವುದು ಅನ್ಯಾಯ. ಕನ್ನಡ ಏಕೀಕರಣದ ಕೂಗಿನ ಹಿಂದೆ ಕವಿಗಳ ಕನಸಿನಷ್ಟೇ ಇಂಥ ಎಷ್ಟೋ ರೈತರ ಓದಲಾಗದ ಕಾಗದಗಳೂ ಇದ್ದುವೆಂದು ನಾನು ತಿಳಿದಿದ್ದೇನೆ.

1948ರ ಮಾರ್ಚ್ 8ರಂದು ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಕೊಲ್ಲಾಪುರ ಒಂದು ವರ್ಷ ತಡೆದು 1949ರ ಮಾರ್ಚ್ 1ರಂದು ಸೇರಿತು. ಜಮಖಂಡಿ, ಮುಧೋಳಗಳು ವಿಜಾಪುರ ಜಿಲ್ಲೆಗೆ ಬಂದವು. ರಾಮದುರ್ಗ, ರಾಯಬಾಗಗಳು ಬೆಳಗಾವಿಗೆ ಬಂದವು. 1956ರ ನವೆಂಬರ 1ರಂದು ಚಂದಗಡ ತಾಲೂಕನ್ನು ಮುಂಬಯಿಗೆ ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ನಮ್ಮ ಹೊಲದ ಕಲ್ಲು ಅಂದಿನಿಂದ ಕೇವಲ ಎರಡು ಜಿಲ್ಲೆಗಳ ನಡುವಿನ ಕಲ್ಲಾಯಿತು. ಅನಂತರ ಇನ್ನೊಂದು ಗಡಿಯ ವಾದ ಹುಟ್ಟಿತು. ಮಹಾಜನ ಆಯೋಗದ ವರದಿ 1967ರಲ್ಲಿ ಬಂದಿತು; 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ಗುಣದೋಷಗಳನ್ನು ನ್ಯಾಯಾಸನ ನೋಡಲಿ. ನಾನು ಹೇಳಬೇಕಾದುದು ಇಷ್ಟೇ. ಹಳೆಯ ಗಡಿಗಳನ್ನು ಎಳೆದಾಗ ಯಾರೂ ನಮ್ಮನ್ನು ಕೇಳಲಿಲ್ಲ. ಹಾಗಿರುವಾಗ ಅವನ್ನು ಪವಿತ್ರವೆಂದು ಬಗೆದು ನೆರೆಯವನ ಮೇಲೆ ಕಲ್ಲು ಎತ್ತುವುದರಲ್ಲಿ ಅರ್ಥವಿಲ್ಲ. ಕೇಳಿ, ತಿಳಿದು, ಜನರಿಗೆ ಗೊತ್ತಾಗುವ ಭಾಷೆಯಲ್ಲಿ ತೀರ್ಮಾನಿಸುವ ಕಾಲ ಈಗ ಬಂದಿದೆ. ಅದನ್ನು ನಾವು ಕೆಡಿಸಿಕೊಳ್ಳಬಾರದು.

ಹಿರಣ್ಯಕೇಶಿ ಸಾವಂತವಾಡಿಯ ಆಂಬೋಲಿಯಲ್ಲಿ ಹುಟ್ಟಿ, ಕೊಲ್ಲಾಪುರದ ಆಜರೆ, ಗಡಹಿಂಗ್ಲಜಗಳನ್ನು ಹಾಯ್ದು, ಖಾಲಸಾದ ಸಂಕೇಶ್ವರಕ್ಕೆ ಬಂದು, ಘಟಪ್ರಭೆಯನ್ನು ಕೂಡುತ್ತದೆ. ಘಟಪ್ರಭೆ ಗೋಕಾಕದಲ್ಲಿ ಧುಮುಕಿ ಮುಧೋಳಕ್ಕೆ ಹೋಗುತ್ತದೆ. ನಾಲ್ಕು ರಾಜ್ಯಗಳ ನೀರು ಒಂದೇ ಪಾತ್ರದಲ್ಲಿ ಹರಿಯುತ್ತಿತ್ತು. ಅದನ್ನು ಹಿಡಿದು ಕಟ್ಟುವ ಕೊಂಡವಾಡ ಮಾತ್ರ ಎಲ್ಲಿಯೂ ಇರಲಿಲ್ಲ.

ಎತ್ತು ಹಿಡಿದ ಆ ಮಳೆಗಾಲದಲ್ಲಿ ಅಜ್ಜ ಎಷ್ಟೊಂದು ಕಷ್ಟಪಟ್ಟನೆಂದು ಹೇಳಿದೆನಷ್ಟೆ. ಒಂದು ಸಂಗತಿ ಹೇಳುವುದು ಉಳಿಯಿತು. ಗೋಕಾಕದಿಂದ ಕಾಗದ ಬರುವವರೆಗೆ ಕೊಂಡವಾಡದಲ್ಲಿದ್ದ ಎತ್ತುಗಳಿಗೆ ಮೇವು ಹಾಕಿ ನೀರು ಕುಡಿಸಿದವಳು ಆಚೆಯ ಊರಿನ ಅವನ ತಂಗಿ. ದಿನಾಲೂ ಹೊರೆ ಕಣಿಕೆ ಹೊತ್ತು ಒಯ್ಯುತ್ತಿದ್ದಳಂತೆ. "ಅವರು ಕಾಗದ ಕೇಳಿದರು, ಆಕಿ ಏನೂ ಕೇಳಲಿಲ್ಲ" ಎಂದು ಅಜ್ಜ ಮಾತು ಮುಗಿಸುತ್ತಿದ್ದ.